ಮಗುವಿಗೆ ಫುಟ್‌ಬಾಲ್ ಕ್ಲಬ್: ಯಾವ ತಂಡಕ್ಕೆ ಸೇರಿಸೋದು?

ಹೊಸ ಸೀಸನ್ ಹತ್ತಿರ ಬಂದಾಗ ಕ್ಲಬ್ಬಿನ ನೋಂದಣಿ ಫಾರಂ ತೆರೆದರೆ ಐದಾರು ಖಾನೆಗಳು ಕಾಣುತ್ತವೆ. ಪುಟಾಣಿಗಳ ಗುಂಪು, ಎಲ್ಲರಿಗೂ ತೆರೆದ ಲೀಗ್, ಹೆಚ್ಚುವರಿ ತರಬೇತಿ, ಆಯ್ಕೆ ತಂಡ, ರಜೆಯ ಕ್ಯಾಂಪ್, ಗೋಲ್‌ಕೀಪರ್ ತರಬೇತಿ. ಹೆಸರುಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಬದಲಾಗುತ್ತವೆ, ಒಳಗಿರುವುದು ಹೆಚ್ಚುಕಡಿಮೆ ಇಷ್ಟೇ. ಪೋಷಕರೇ ಸೇರಿ ನಡೆಸುವ ಇಂಥ ಒಂದು ಕ್ಲಬ್ಬಿನಲ್ಲಿ ನಾನು ಕೆಲವು ವರ್ಷಗಳಿಂದ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ, ನನ್ನ ಇಬ್ಬರು ಮಕ್ಕಳೂ ಅಲ್ಲೇ ಆಡುತ್ತಾ ಬೆಳೆದರು. ಪ್ರತಿ ಸಲ ನನಗೆ ಬರುವ ಪ್ರಶ್ನೆ ಒಂದೇ. "ನಮ್ಮ ಮಗುವನ್ನು ಯಾವುದಕ್ಕೆ ಹಾಕಲಿ?"

ಯಾವ ತಂಡದಲ್ಲಿ ಮಗುವಿನ ಕಾಲಿಗೆ ಜಾಸ್ತಿ ಹೊತ್ತು ಚೆಂಡು ಸಿಗುತ್ತದೋ, ಮತ್ತು ಯಾವುದನ್ನು ನಿಮ್ಮ ಮನೆಯ ವಾರ ತಡೆದುಕೊಳ್ಳುತ್ತದೋ, ಅದಕ್ಕೆ ಹಾಕಿ ಅನ್ನುತ್ತೇನೆ ನಾನು. ತಂಡದ ದರ್ಜೆ, ಜೆರ್ಸಿಯ ಮೇಲಿನ ಲಾಂಛನ, ಪಕ್ಕದ ಮನೆಯ ಮಗು ಎಲ್ಲಿ ಸೇರಿದೆ ಅನ್ನುವುದು, ಇವೆಲ್ಲ ಆಮೇಲಿನ ಮಾತು. ಯಾಕೆ ಹೀಗೆ ಹೇಳುತ್ತೇನೆ ಅಂತ ಒಂದೊಂದಾಗಿ ನೋಡೋಣ.

ಸಂಬಳವಿಲ್ಲದವರು ನಡೆಸುವ ಕ್ಲಬ್ ಅಂದರೆ

ಇಲ್ಲಿ ಕೋಚ್ ಅಂದರೆ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಮೈದಾನಕ್ಕೆ ಬಿಳಿ ಗೆರೆ ಎಳೆಯುವವರು, ಮ್ಯಾಚುಗಳ ವೇಳಾಪಟ್ಟಿ ಕೂರಿಸುವವರು, ಲೆಕ್ಕ ಬರೆಯುವವರು, ಜೆರ್ಸಿ ಹಂಚುವವರು, ಎಲ್ಲರೂ ತಮ್ಮ ಕೆಲಸ ಮುಗಿಸಿ ಬಂದು ಕೈ ಹಚ್ಚಿದವರೇ. ನೀವು ಕೊಡುವ ಶುಲ್ಕ ಮೈದಾನದ ಬಾಡಿಗೆ, ರೆಫರಿ, ವಿಮೆ, ಚೆಂಡು, ಬಟ್ಟೆಗಳಿಗೆ ಹೋಗುತ್ತದೆ. ಹಾಗಾಗಿ ಶುಲ್ಕ ಕಡಿಮೆ ಇರುತ್ತದೆ, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ.

ಇದರ ಇನ್ನೊಂದು ಮುಖವನ್ನೂ ತಿಳಿದುಕೊಂಡೇ ಒಳಗೆ ಬನ್ನಿ. ಕೋಚ್‌ಗಳೆಲ್ಲ ಒಂದೇ ಮಟ್ಟದವರಿರುವುದಿಲ್ಲ. ಒಬ್ಬರು ಹತ್ತು ವರ್ಷ ಆಡಿ ಬಂದಿರುತ್ತಾರೆ, ಇನ್ನೊಬ್ಬರು ಕೋಚ್ ಯಾರೂ ಸಿಗದೆ ತಂಡ ನಿಂತುಹೋಗುತ್ತದೆ ಅಂತ ಗೊತ್ತಾಗಿ ಕೊನೇ ವಾರ ಒಪ್ಪಿಕೊಂಡಿರುತ್ತಾರೆ. ನನ್ನ ಅನುಭವದಲ್ಲಿ ಎರಡನೆಯವರನ್ನು ಕಂಡು ಹೆದರಬೇಕಿಲ್ಲ. ಎಂಟು ವರ್ಷದ ಮಕ್ಕಳಿಗೆ ತಂತ್ರ ಗೊತ್ತಿರುವವರಿಗಿಂತ ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವ, ಕೂಗಾಡದ, ಪ್ರತಿಯೊಬ್ಬರಿಗೂ ಒಂದೊಂದು ಚೆಂಡು ಕೊಟ್ಟು ಓಡಿಸುವ ಕೋಚ್ ಎಷ್ಟೋ ಮೇಲು. ಹದಿಮೂರು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಆಗ ಆಟ ಗೊತ್ತಿರುವವರೇ ಬೇಕು.

ಪುಟಾಣಿಗಳ ಗುಂಪು, ಅಥವಾ ಒಂದೆರಡು ವರ್ಷ ಕಾಯುವುದು

ಮೂರರಿಂದ ಐದು ವರ್ಷದವರಿಗೆ ಬಹಳ ಕ್ಲಬ್ಬುಗಳಲ್ಲಿ ಅಪ್ಪ ಅಥವಾ ಅಮ್ಮ ಜೊತೆಗೇ ಮೈದಾನಕ್ಕಿಳಿಯುವ ಗುಂಪು ಇರುತ್ತದೆ. ವಾರಕ್ಕೊಂದು ದಿನ, ಮುಕ್ಕಾಲು ಗಂಟೆ. ಚೆಂಡು ಉರುಳಿಸೋದು, ಓಡೋದು, ನಿಂತುಬಿಡೋದು, ಮಧ್ಯದಲ್ಲಿ ಹುಲ್ಲು ಕೀಳುತ್ತಾ ಕೂರೋದು. ಅದೇ ಈ ವಯಸ್ಸಿನ ಆಟ. ಮಗು ಖುಷಿಯಾಗಿ ಬಂದರೆ ಸೇರಿಸಿ, ಅಳುತ್ತಾ ಕಾಲಿಗೆ ಅಂಟಿಕೊಂಡರೆ ಒಂದು ವರ್ಷ ಬಿಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಇಲ್ಲಿಗೆ ಎಳೆದು ತರಬೇಡಿ. ಏಳಕ್ಕೋ ಎಂಟಕ್ಕೋ ಮೊದಲ ಸಲ ಚೆಂಡು ಮುಟ್ಟಿದ ಮಕ್ಕಳು ಎರಡು ಸೀಸನ್ನಿನಲ್ಲಿ ಮುಂಚೆ ಬಂದವರ ಸಮಕ್ಕೆ ಬಂದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದು ಮಾತು ಮಾತ್ರ ನೋಡಿಕೊಳ್ಳಿ. ಈ ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಾಗಿ ಚೆಂಡು ಒದೆಸುವ ಕಡೆ ಬೇಡ. ಹತ್ತು ಮಕ್ಕಳ ಸಾಲಿನಲ್ಲಿ ಒಂದು ಮಗು ಹತ್ತು ನಿಮಿಷಕ್ಕೆ ಒಂದೇ ನಿಮಿಷ ಆಡುತ್ತದೆ. ಉಳಿದ ಒಂಬತ್ತು ನಿಮಿಷ ಸುಮ್ನೆ ನಿಂತಿರುತ್ತದೆ.

ಮುಖ್ಯ ಪ್ರಶ್ನೆ: ಎಲ್ಲರ ಲೀಗೋ, ಆಯ್ಕೆ ತಂಡವೋ

ಪೋಷಕರು ನಿದ್ದೆಗೆಡುವುದು ಇಲ್ಲೇ. ಎಲ್ಲರಿಗೂ ತೆರೆದ ಲೀಗಿನಲ್ಲಿ ಹೆಸರು ಕೊಟ್ಟವರಿಗೆಲ್ಲ ಜಾಗ. ಕ್ಲಬ್ಬೇ ತಂಡಗಳನ್ನು ಹೊಂದಿಸಿ ಹಂಚುತ್ತದೆ, ಮ್ಯಾಚುಗಳು ಹತ್ತಿರದಲ್ಲೇ ನಡೆಯುತ್ತವೆ, ವಾರಕ್ಕೆ ಒಂದು ಅಥವಾ ಎರಡು ಪ್ರಾಕ್ಟೀಸ್, ಒಂದು ಮ್ಯಾಚ್. ಆಯ್ಕೆ ತಂಡಕ್ಕೆ ಪರೀಕ್ಷೆ ಇರುತ್ತದೆ. ಸೇರಿದರೆ ವಾರಕ್ಕೆ ಎರಡು ಮೂರು ಪ್ರಾಕ್ಟೀಸ್, ಬೇರೆ ಊರುಗಳಿಗೆ ಹೋಗಿ ಮ್ಯಾಚ್, ಮಧ್ಯೆ ಟೂರ್ನಮೆಂಟುಗಳು, ಶುಲ್ಕವೂ ಜಾಸ್ತಿ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂಬತ್ತು ಹತ್ತು ವರ್ಷದವರಲ್ಲಿ ಸಾಮಾನ್ಯವಾಗಿ ಒಂದು ತಂಡದ ಏಳು ಜನ ಒಟ್ಟಿಗೆ ಮೈದಾನದಲ್ಲಿರುತ್ತಾರೆ, ಉಳಿದವರು ಸರದಿಗೆ ಕಾಯುತ್ತಾರೆ. ಮ್ಯಾಚ್ 50 ನಿಮಿಷ ಅಂದುಕೊಳ್ಳಿ. ತಂಡದಲ್ಲಿ 10 ಮಕ್ಕಳಿದ್ದು ಸಮನಾಗಿ ಆಡಿಸಿದರೆ ಒಬ್ಬೊಬ್ಬರಿಗೆ 35 ನಿಮಿಷ ಸಿಗುತ್ತದೆ. ಅದೇ ತಂಡದಲ್ಲಿ 14 ಮಕ್ಕಳಿದ್ದರೆ 25 ನಿಮಿಷ. ಇದು ಸಮನಾಗಿ ಹಂಚಿದಾಗಿನ ಮಾತು. ಗೆಲ್ಲಲೇಬೇಕು ಅನ್ನುವ ತಂಡದಲ್ಲಿ ಕೊನೆಯ ಮೂವರು ನಾಲ್ವರಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಆ ಹತ್ತು ನಿಮಿಷಕ್ಕಾಗಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಕಾರಿನಲ್ಲಿ ಕೂತಿರಬೇಕು. ನನ್ನ ಮಗ ಹತ್ತು ವರ್ಷದವನಿದ್ದಾಗ ಬೇರೊಂದು ಕ್ಲಬ್ಬಿನ ಆಯ್ಕೆ ತಂಡಕ್ಕೆ ಹೋದ. ಪರೀಕ್ಷೆಯಲ್ಲಿ ಪಾಸಾದ ದಿನ ಮನೆಯಲ್ಲಿ ಹಬ್ಬ. ಆಮೇಲೆ ಎರಡು ತಿಂಗಳು ಅವನು ಜಾಸ್ತಿ ಹೊತ್ತು ಕಳೆದದ್ದು ಬೆಂಚಿನ ಮೇಲೆ. ಅವನು ಏನೂ ಹೇಳಲಿಲ್ಲ, ಆದರೆ ಮನೆಯ ಹಿಂದೆ ಚೆಂಡು ಆಡುವುದನ್ನು ನಿಲ್ಲಿಸಿಬಿಟ್ಟ. ಅದನ್ನು ಗಮನಿಸಲು ನನಗೆ ತಡವಾಯಿತು, ಆ ಬೇಸರ ಇನ್ನೂ ಇದೆ. ಮುಂದಿನ ಸೀಸನ್ ಹಳೇ ಲೀಗಿಗೆ ವಾಪಸ್ ಬಂದ, ಪ್ರತಿ ಮ್ಯಾಚಿನಲ್ಲೂ ಆಡಿದ, ಚೆಂಡು ಮತ್ತೆ ಮನೆಯ ಹಿಂದೆ ಸದ್ದು ಮಾಡತೊಡಗಿತು.

ಅದಕ್ಕೇ ಆಯ್ಕೆ ತಂಡದವರು ಕರೆದಾಗ ಮೊದಲು ಕೇಳಬೇಕಾದ್ದು, "ಒಟ್ಟು ಎಷ್ಟು ಮಕ್ಕಳನ್ನು ತೆಗೆದುಕೊಳ್ಳುತ್ತೀರಿ, ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಹೊತ್ತು ಆಟ ಅನ್ನುವ ನಿಯಮ ಬರೆದಿಟ್ಟಿದ್ದೀರಾ?" ಬಾಯಿಮಾತಿನ ಭರವಸೆ ಸಾಲದು. ಪೋಷಕರೇ ನಡೆಸುವ ಕ್ಲಬ್ಬುಗಳ ಒಳ್ಳೆಯ ಸಂಪ್ರದಾಯವೇ ಇದು. ಅಮೆರಿಕದಲ್ಲಿ 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾದ ಎವೈಎಸ್ಒ ಎಂಬ ಮಕ್ಕಳ ಫುಟ್‌ಬಾಲ್ ಸಂಸ್ಥೆ ಸ್ವಯಂಸೇವಕರ ಮೇಲೆಯೇ ನಿಂತದ್ದು. ಪ್ರತಿ ಮಗುವೂ ಮ್ಯಾಚಿನ ಅರ್ಧದಷ್ಟಾದರೂ ಆಡಲೇಬೇಕು ಅನ್ನುವುದು ಅದರ ಮೊದಲ ತತ್ವ. ನಿಮ್ಮ ಕ್ಲಬ್ಬಿನ ನಿಯಮಗಳಲ್ಲಿ ಇಂಥ ಒಂದು ಸಾಲು ಇದೆಯಾ ನೋಡಿ.

ಎರಡನೇ ವಿಷಯ ವಯಸ್ಸು. ತಂಡಗಳನ್ನು ಒಂದು ನಿಗದಿತ ತಾರೀಖಿನಿಂದ ಹನ್ನೆರಡು ತಿಂಗಳ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಆ ವರ್ಷದ ಮೊದಲ ತಿಂಗಳಲ್ಲಿ ಹುಟ್ಟಿದ ಮಗುವಿಗೂ ಕೊನೆಯ ತಿಂಗಳಲ್ಲಿ ಹುಟ್ಟಿದ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಎಂಟು ವರ್ಷದವರಲ್ಲಿ ಒಂದು ವರ್ಷ ಅಂದರೆ ಎತ್ತರ, ತೂಕ, ಓಟ ಎಲ್ಲದರಲ್ಲೂ ಎದ್ದು ಕಾಣುವ ವ್ಯತ್ಯಾಸ. ಆಯ್ಕೆ ಮಾಡುವವರಿಗೆ ದೊಡ್ಡ ಮಗುವೇ ಚುರುಕಾಗಿ ಕಾಣುತ್ತದೆ. ಹೀಗಾಗಿ ಆಯ್ಕೆ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಳ್ಳುತ್ತಾರೆ. ಎಷ್ಟೋ ದೇಶಗಳ ಯುವ ತಂಡಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ನಿಮ್ಮ ಮಗು ವರ್ಷದ ಕೊನೆಯಲ್ಲಿ ಹುಟ್ಟಿದ್ದು ಪರೀಕ್ಷೆಯಲ್ಲಿ ಹೊರಬಿದ್ದರೆ, ಅದು ಮಗುವಿನ ಆಟದ ಬಗ್ಗೆ ಹೇಳುವುದು ಬಹಳ ಕಡಿಮೆ. ಹದಿಮೂರು ಹದಿನಾಲ್ಕಕ್ಕೆ ಮೈ ಬೆಳೆದ ಮೇಲೆ ಇನ್ನೊಮ್ಮೆ ನೋಡಿ. ಹ್ಯಾರಿ ಕೇನ್ ಒಂಬತ್ತರ ಆಸುಪಾಸಿನಲ್ಲಿ ಆರ್ಸೆನಲ್ ಎಂಬ ದೊಡ್ಡ ಕ್ಲಬ್ಬಿನ ಅಕಾಡೆಮಿ ಕೈಬಿಟ್ಟ ಹುಡುಗ. ರಿಜ್‌ವೇ ರೋವರ್ಸ್ ಎಂಬ ಬಡಾವಣೆ ಕ್ಲಬ್ಬಿನಲ್ಲಿ ಆಡಿದವನು. 2023ರಲ್ಲಿ ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದ ದಾಖಲೆ ಅವನದಾಯಿತು. ಎಲ್ಲ ಮಕ್ಕಳೂ ಕೇನ್ ಆಗುವುದಿಲ್ಲ, ನಿಜ. ಒಂಬತ್ತು ವರ್ಷದ ಮಗುವಿನ ಬಗ್ಗೆ ತೀರ್ಪು ಕೊಡುವುದು ಎಷ್ಟು ಕಷ್ಟ ಅನ್ನುವುದಕ್ಕಷ್ಟೇ ಈ ಮಾತು.

ಮೂರನೆಯದು ಸೋಲು ಗೆಲುವಿನ ಪಟ್ಟಿ. ನಾರ್ವೆಯ ಕ್ರೀಡಾ ಒಕ್ಕೂಟ 1987ರಿಂದಲೇ ಮಕ್ಕಳ ಆಟಕ್ಕೆ ಬೇರೆ ನಿಯಮ ಇಟ್ಟುಕೊಂಡಿದೆ. ಹನ್ನೊಂದು ವರ್ಷಕ್ಕಿಂತ ಚಿಕ್ಕವರಿಗೆ ಪಾಯಿಂಟ್ ಪಟ್ಟಿ, ರ್‍ಯಾಂಕಿಂಗ್ ಏನೂ ಇಲ್ಲ. ಹೆಸರಾಂತ ಆಟಗಾರ ಎರ್ಲಿಂಗ್ ಹಾಲಂಡ್ ಬೆಳೆದದ್ದು ಆ ದೇಶದ ಬ್ರೈನ ಎಂಬ ಸಣ್ಣ ಊರಿನ ಕ್ಲಬ್ಬಿನಲ್ಲಿ. ಜರ್ಮನಿಯಲ್ಲೂ 2024-25ರ ಸೀಸನ್‌ನಿಂದ ಚಿಕ್ಕವರ ಆಟವನ್ನೇ ಬದಲಾಯಿಸಿದರು. ತೀರಾ ಪುಟ್ಟವರು ಇಬ್ಬಿಬ್ಬರು, ಮೂವರು ಮೂವರು ಸೇರಿ ನಾಲ್ಕು ಪುಟ್ಟ ಗೋಲುಗಳಿರುವ ಸಣ್ಣ ಅಂಗಳದಲ್ಲಿ ಆಡುತ್ತಾರೆ. ಹನ್ನೊಂದರ ಒಳಗಿನವರಿಗೆ ಲೀಗ್ ಪಟ್ಟಿ ಇಲ್ಲ. ನಿಮ್ಮ ಕ್ಲಬ್ ಎಂಟು ವರ್ಷದವರ ಚಾಂಪಿಯನ್‌ಶಿಪ್ ಬಗ್ಗೆಯೇ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದರೆ ಸ್ವಲ್ಪ ಯೋಚಿಸಿ.

ಹಾಗಂತ ಆಯ್ಕೆ ತಂಡ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನ್ನ ಮಗಳಿಗೆ ಅದೇ ಸರಿಹೋಯಿತು. ಅವಳಿಗೆ ಹನ್ನೆರಡು, ಲೀಗಿನಲ್ಲಿ ಚೆಂಡು ಸಿಕ್ಕರೆ ಎಲ್ಲರನ್ನೂ ದಾಟಿಕೊಂಡು ಹೋಗುತ್ತಿದ್ದಳು. ತಲೆ ಎತ್ತಿ ನೋಡುವ, ಪಾಸ್ ಕೊಡುವ ಅಗತ್ಯವೇ ಅವಳಿಗೆ ಬರುತ್ತಿರಲಿಲ್ಲ. ಅಂಥ ಮಗುವನ್ನು ತನಗಿಂತ ಚೆನ್ನಾಗಿ ಆಡುವವರ ಜೊತೆ ಬಿಡಬೇಕು. ಅವಳೇ ಕೇಳಿಕೊಂಡು ಹೋದಳು, ಇದು ಮುಖ್ಯ. ಮಗು ತಾನಾಗಿ ಬೇಕು ಅಂದಿದೆ, ಪ್ರಾಕ್ಟೀಸ್ ಇಲ್ಲದ ದಿನವೂ ಚೆಂಡು ಹಿಡಿದು ಹೊರಗೆ ಹೋಗುತ್ತದೆ, ಈಗಿನ ತಂಡದಲ್ಲಿ ಅದಕ್ಕೆ ಸವಾಲು ಸಿಗುತ್ತಿಲ್ಲ, ವಾರಕ್ಕೆ ಮೂರು ನಾಲ್ಕು ದಿನ ಓಡಾಡಲು ಮನೆಯವರಿಗೆ ಸಾಧ್ಯ. ಈ ನಾಲ್ಕೂ ಕೂಡಿದರೆ ಧೈರ್ಯವಾಗಿ ಕಳಿಸಿ. ನಾಲ್ಕರಲ್ಲಿ ಎರಡೇ ಇದ್ದರೆ ಇನ್ನೊಂದು ವರ್ಷ ಲೀಗಿನಲ್ಲೇ ಇರಲಿ.

ನಡುವಿನ ದಾರಿ

ಕೆಲವು ಕ್ಲಬ್ಬುಗಳು ಲೀಗಿನ ಮಕ್ಕಳಿಗೇ ವಾರಕ್ಕೊಂದು ಹೆಚ್ಚುವರಿ ತರಬೇತಿ ಇಟ್ಟಿರುತ್ತವೆ. ಬಂದವರಿಗೆಲ್ಲ ಪ್ರವೇಶ, ಅನುಭವ ಇರುವ ಕೋಚ್ ನಡೆಸುತ್ತಾರೆ. ಶನಿವಾರದ ಮ್ಯಾಚನ್ನು ಮಗು ತನ್ನ ಗೆಳೆಯರ ಜೊತೆಯೇ ಆಡುತ್ತದೆ. ಪೋಷಕರು ಈ ಖಾನೆಯನ್ನು ನೋಡದೆಯೇ ಮುಂದೆ ಹೋಗುತ್ತಾರೆ, ನನಗಂತೂ ಇದೇ ಎಲ್ಲಕ್ಕಿಂತ ಇಷ್ಟ. ಎಂಟರಿಂದ ಹನ್ನೊಂದು ವರ್ಷದ ಬಹುಪಾಲು ಮಕ್ಕಳಿಗೆ ಲೀಗ್ ಜೊತೆಗೆ ಇದೊಂದು ಇದ್ದರೆ ಸಾಕು. ಬಸ್ಸು, ಕಾರು, ಬೇರೆ ಊರಿನ ಓಡಾಟ ಇಲ್ಲ. ಬೆಂಚೂ ಇಲ್ಲ. ನಿಮ್ಮ ಕ್ಲಬ್ಬಿನಲ್ಲಿ ಇದು ಇಲ್ಲದಿದ್ದರೆ ಕೇಳಿ, ನಾಲ್ಕು ಜನ ಪೋಷಕರು ಕೇಳಿದರೆ ಶುರು ಮಾಡುವ ಕ್ಲಬ್ಬುಗಳಿವೆ. ನಮ್ಮಲ್ಲಿ ಶುರುವಾದದ್ದೂ ಹಾಗೇ.

ಅಂಗಳದ ಅಳತೆ ನೋಡಿದರೆ ಕ್ಲಬ್ ಗೊತ್ತಾಗುತ್ತದೆ

ಎರಡು ಕ್ಲಬ್ಬುಗಳ ನಡುವೆ ತೂಗುತ್ತಿದ್ದೀರಾ? ಹಾಗಾದರೆ ಎರಡೂ ಕಡೆ ಒಂದು ಶನಿವಾರ ಹೋಗಿ ನಿಂತು ನೋಡಿ. ಎಷ್ಟು ಮಕ್ಕಳು ಒಟ್ಟಿಗೆ ಆಡುತ್ತಿದ್ದಾರೆ, ಗೋಲು ಎಷ್ಟು ದೊಡ್ಡದಿದೆ. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಒಂಬತ್ತು ವರ್ಷದ ಮಗುವನ್ನು ಅದರ ಕೆಳಗೆ ನಿಲ್ಲಿಸಿದರೆ ತಲೆಯ ಮೇಲಿನ ಚೆಂಡೆಲ್ಲ ಗೋಲೇ. ಆ ಮಗು ಇನ್ನೊಮ್ಮೆ ಗೋಲ್‌ಕೀಪರ್ ಆಗುವುದಿಲ್ಲ.

ಅಮೆರಿಕದಲ್ಲಿ ಎಂಟರವರೆಗೆ ನಾಲ್ಕು ಜನರ ತಂಡ, ಒಂಬತ್ತು ಹತ್ತಕ್ಕೆ ಏಳು ಜನ, ಹನ್ನೊಂದು ಹನ್ನೆರಡಕ್ಕೆ ಒಂಬತ್ತು ಜನ, ಆಮೇಲೆ ಹನ್ನೊಂದು. ಇಂಗ್ಲೆಂಡಿನಲ್ಲೂ 2025-26ರ ಸೀಸನ್‌ವರೆಗೆ ಒಂಬತ್ತರ ನಂತರ ಇದೇ ಏಣಿ ಇತ್ತು. ಕಾರಣ ಸರಳ, ಜನ ಕಡಿಮೆ ಇದ್ದಷ್ಟೂ ಒಬ್ಬೊಬ್ಬರ ಕಾಲಿಗೆ ಚೆಂಡು ಹೆಚ್ಚು ಸಲ ಬರುತ್ತದೆ. ಚೆಂಡಿನ ಅಳತೆಯೂ ಹಾಗೆಯೇ, ಎಂಟರೊಳಗಿನವರಿಗೆ 3ನೇ ನಂಬರ್, ಹನ್ನೆರಡರವರೆಗೆ 4, ಆಮೇಲೆ 5. ಎಂಟು ವರ್ಷದವರನ್ನು ಹನ್ನೊಂದು ಜನರ ತಂಡ ಮಾಡಿ ದೊಡ್ಡ ಮೈದಾನದಲ್ಲಿ 5ನೇ ನಂಬರ್ ಚೆಂಡು ಕೊಟ್ಟು ಓಡಿಸುತ್ತಿದ್ದರೆ, ಕ್ಲಬ್ಬಿನ ಹೆಸರು ಎಷ್ಟೇ ದೊಡ್ಡದಿರಲಿ, ಇನ್ನೊಂದು ಕ್ಲಬ್ಬಿಗೆ ಹೋಗಿ.

ಹಾಗೇ ಗೆರೆಯ ಹೊರಗೆ ನಿಂತ ದೊಡ್ಡವರ ಬಾಯಿ ಕೇಳಿಸಿಕೊಳ್ಳಿ. "ಹೊಡಿ, ಒದಿ, ಅಲ್ಲಿ ಹೋಗು, ಇಲ್ಲಿ ಬಾ" ಅಂತ ಕೋಚೂ ಪೋಷಕರೂ ಒಟ್ಟಿಗೇ ಕೂಗುತ್ತಿದ್ದರೆ ಮಗು ಯಾರ ಮಾತು ಕೇಳಬೇಕು? ರೆಫರಿಯಾಗಿ ನಿಂತಿರುವುದು ಎಷ್ಟೋ ಸಲ ಹದಿನಾಲ್ಕು ಹದಿನೈದರ ಹುಡುಗ ಅಥವಾ ಹುಡುಗಿ. ಅವರ ಮೇಲೆ ಕೂಗುವ ಪೋಷಕರನ್ನು ಕ್ಲಬ್ಬಿನವರು ಹೋಗಿ ತಡೆಯುತ್ತಾರಾ, ಸುಮ್ಮನಿರುತ್ತಾರಾ? ಇದನ್ನು ಕಣ್ಣಾರೆ ನೋಡಿದ ಮೇಲೆ ನಿಮಗೆ ಬೇರೆ ಯಾರ ಶಿಫಾರಸೂ ಬೇಕಾಗುವುದಿಲ್ಲ.

ಸಂಬಳದ ಕೋಚ್ ಇರುವ ಅಕಾಡೆಮಿ

ಪೋಷಕರ ಕ್ಲಬ್ ಬಿಟ್ಟು ಅಕಾಡೆಮಿಗೆ ಹಾಕಲಾ ಅಂತ ಕೇಳುವವರೂ ಇದ್ದಾರೆ. ಅಕಾಡೆಮಿಯಲ್ಲಿ ಕೋಚ್‌ಗೆ ತರಬೇತಿ ಇರುತ್ತದೆ, ವರ್ಷಪೂರ್ತಿ ಯೋಜನೆ ಇರುತ್ತದೆ, ಕೋಚ್ ಹುಷಾರಿಲ್ಲ ಅಂದರೆ ಬದಲಿ ಬರುತ್ತಾರೆ. ನಮ್ಮಂಥ ಕ್ಲಬ್ಬಿನಲ್ಲಿ ಕೋಚ್‌ಗೆ ಆಫೀಸಿನ ಕೆಲಸ ಬಂದರೆ ಆ ದಿನದ ಪ್ರಾಕ್ಟೀಸ್ ರದ್ದು. ಇದು ಸತ್ಯ, ಮುಚ್ಚಿಡುವುದಿಲ್ಲ. ಹದಿಮೂರರ ನಂತರ ಆಟವನ್ನು ಗಂಭೀರವಾಗಿ ತೆಗೆದುಕೊಳ್ಳುವ ಮಗುವಿಗೆ ಅಕಾಡೆಮಿ ಕೊಡುವುದನ್ನು ನಾವು ಕೊಡಲಾರೆವು.

ಚಿಕ್ಕವರಿಗೆ ಮಾತ್ರ ಕ್ಲಬ್ಬಿನದೇ ಒಂದು ಲಾಭ ಇದೆ. ಶಾಲೆಯ ಗೆಳೆಯರು, ಬೀದಿಯ ಗೆಳೆಯರು ಅದೇ ತಂಡದಲ್ಲಿರುತ್ತಾರೆ. ಪ್ರಾಕ್ಟೀಸ್ ಮುಗಿದ ಮೇಲೂ ಅವರು ಒಟ್ಟಿಗೆ ಆಡುತ್ತಾರೆ, ನನ್ನ ಲೆಕ್ಕದಲ್ಲಿ ಆ ಆಟವೇ ಹೆಚ್ಚು ಕಲಿಸುತ್ತದೆ. ಇನ್ನೊಂದು, ವರ್ಷಪೂರ್ತಿ ಒಂದೇ ಆಟ ಆಡಿಸುವುದನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಒಪ್ಪುವುದಿಲ್ಲ. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು ಅನ್ನುವುದು 2016ರಲ್ಲಿ ಅವರು ಕೊಟ್ಟ ಸಲಹೆ. ಮೊಣಕಾಲು, ಹಿಮ್ಮಡಿ ನೋವು ಅಂತ ಮಗು ಹೇಳಿದರೆ ಬೆಳೆಯುವ ನೋವು ಅಂತ ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಸೀಸನ್ ಮುಗಿದ ಮೇಲೆ ಬಾಗಿಲು ಮುಚ್ಚುವ ಕ್ಲಬ್ ಮಗುವಿಗೆ ಈಜಲು, ಸೈಕಲ್ ಹೊಡೆಯಲು, ಬೇರೆ ಆಟ ಆಡಲು ಸಮಯ ಕೊಡುತ್ತದೆ.

ಹುಡುಗಿಯರಿಗೆ: ಮಿಶ್ರ ತಂಡವೋ, ಅವರದೇ ತಂಡವೋ

ಎಂಟು ಒಂಬತ್ತರವರೆಗೆ ಎರಡೂ ಸರಿ, ಮಗು ಎಲ್ಲಿ ಖುಷಿಯಾಗಿದೆಯೋ ಅಲ್ಲಿ. ಆದರೆ ಮಿಶ್ರ ತಂಡದಲ್ಲಿ ಒಬ್ಬಳೇ ಹುಡುಗಿ ಇದ್ದು ಅವಳಿಗೆ ಯಾರೂ ಪಾಸ್ ಕೊಡದಿದ್ದರೆ ಅದನ್ನು ಕೋಚ್ ಗಮನಿಸುತ್ತಾರಾ ನೋಡಿ. ಹನ್ನೊಂದು ಹನ್ನೆರಡು ದಾಟುವಾಗ ಹುಡುಗಿಯರು ಆಟ ಬಿಟ್ಟುಹೋಗುವುದು ಜಾಸ್ತಿ. ಆ ವಯಸ್ಸಿಗೆ ಅವರದೇ ತಂಡ, ಸಾಧ್ಯವಾದರೆ ಒಬ್ಬ ಮಹಿಳಾ ಕೋಚ್, ಹತ್ತಿರದಲ್ಲೇ ಸ್ವಚ್ಛವಾದ ಶೌಚಾಲಯ, ಬಿಳಿ ಚಡ್ಡಿಯ ಬದಲು ಗಾಢ ಬಣ್ಣದ ಚಡ್ಡಿ, ಇಷ್ಟಿದ್ದರೆ ಉಳಿಯುವವರು ಹೆಚ್ಚು. ಸಣ್ಣ ವಿಷಯ ಅನ್ನಿಸಬಹುದು, ಹುಡುಗಿಯರನ್ನು ಕೇಳಿದರೆ ಇವನ್ನೇ ಮೊದಲು ಹೇಳುತ್ತಾರೆ.

ಹದಿಹರೆಯದ ಹುಡುಗಿಯರಿಗೆ ಮೊಣಕಾಲಿನ ಲಿಗಮೆಂಟ್ ಗಾಯದ ಅಪಾಯ ಹುಡುಗರಿಗಿಂತ ಹೆಚ್ಚು. ಫಿಫಾ 11 ಪ್ಲಸ್ ಅಂತ ಒಂದು ವಾರ್ಮ್‌ಅಪ್ ಇದೆ, ಓಟ, ಜಿಗಿತ, ಸಮತೋಲನ ಎಲ್ಲ ಸೇರಿ ಸುಮಾರು 20 ನಿಮಿಷ. ಖರ್ಚಿಲ್ಲ, ಚೆಂಡೊಂದು ಸಾಕು. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿದ ಅಧ್ಯಯನ 2008ರಲ್ಲಿ ಬಂತು. ಗಾಯಗಳು ಒಟ್ಟಾರೆ ಸುಮಾರು ಮೂರನೇ ಒಂದು ಭಾಗ ಇಳಿದವು, ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಕೋಚ್‌ಗೆ ಇದು ಗೊತ್ತಾ ಅಂತ ಕೇಳಿ. ಗೊತ್ತಿಲ್ಲ ಅಂದರೂ ತಪ್ಪಿಲ್ಲ, ಕಲಿಯುತ್ತೇನೆ ಅಂದರೆ ಆಯಿತು.

ವಿಶೇಷ ಅಗತ್ಯವಿರುವ ಮಕ್ಕಳಿಗೆ

ಕೆಲವು ಕ್ಲಬ್ಬುಗಳಲ್ಲಿ ದೈಹಿಕ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ಗುಂಪು ಇರುತ್ತದೆ. ಅಮೆರಿಕದಲ್ಲಿ ಟಾಪ್‌ಸಾಕರ್ ಅನ್ನುವುದು ಇಂಥದ್ದೇ. ಪ್ರತಿ ಮಗುವಿನ ಜೊತೆ ಒಬ್ಬ ಹದಿಹರೆಯದ ಜೊತೆಗಾರ ಅಥವಾ ಜೊತೆಗಾತಿ ಮೈದಾನದಲ್ಲೇ ಇರುತ್ತಾರೆ. ಶಿಳ್ಳೆ ಇಲ್ಲ, ಅವಸರ ಇಲ್ಲ. ಕೆಲವು ಮಕ್ಕಳಿಗೆ ಇಲ್ಲೇ ನೆಮ್ಮದಿ. ಕೆಲವರು ಒಂದೆರಡು ಸೀಸನ್ ಇಲ್ಲಿ ಆಡಿ ಲೀಗ್ ತಂಡಕ್ಕೂ ಹೋಗುತ್ತಾರೆ, ಎರಡರಲ್ಲೂ ಇರುತ್ತಾರೆ. ಯಾವುದು ಸರಿ ಅಂತ ಫಾರಂ ನೋಡಿ ತೀರ್ಮಾನಿಸಬೇಡಿ. ಸಂಯೋಜಕರಿಗೆ ಫೋನ್ ಮಾಡಿ, ಮಗುವಿಗೆ ಏನು ಹಿಡಿಸುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಯಾವಾಗ ಸುಸ್ತಾಗುತ್ತದೆ ಅಂತ ವಿವರವಾಗಿ ಹೇಳಿ. ನಮ್ಮ ಕ್ಲಬ್ಬಿನಲ್ಲಿ ಒಂದು ಮಗುವಿಗಾಗಿ ರೆಫರಿ ಶಿಳ್ಳೆಯ ಬದಲು ಬಾವುಟ ಹಿಡಿದರು, ಅಷ್ಟರಿಂದಲೇ ಆ ಮಗು ಪೂರ್ತಿ ಸೀಸನ್ ಆಡಿತು.

ಕ್ಯಾಂಪ್ ಮತ್ತು ಗೋಲ್‌ಕೀಪರ್ ತರಬೇತಿ

ರಜೆಯ ಕ್ಯಾಂಪ್ ಒಂದು ವಾರದ ಖುಷಿಗೆ, ಹೊಸ ಗೆಳೆಯರಿಗೆ, ಮಗುವಿಗೆ ಆಟ ಇಷ್ಟವಾಗುತ್ತದಾ ಅಂತ ನೋಡುವುದಕ್ಕೆ ಒಳ್ಳೆಯದು. ಸೀಸನ್ನಿಗೆ ಬದಲಿ ಅಲ್ಲ. ಗೋಲ್‌ಕೀಪರ್ ತರಬೇತಿ ಹತ್ತರ ನಂತರ ಸಾಕು, ಅದಕ್ಕೂ ಮುಂಚೆ ಎಲ್ಲರೂ ಸರದಿಯಲ್ಲಿ ಗೋಲ್‌ಕೀಪರ್ ಆಗಲಿ.

ಇದೊಂದರಲ್ಲಿ ರಾಜಿ ಬೇಡ

ಯಾವ ತಂಡವಾದರೂ ಸುರಕ್ಷತೆ ಒಂದೇ. ಮೊಣಕಾಲಿನ ಕೆಳಗೆ ಮುಂಗಾಲಿಗೆ ಕಟ್ಟುವ ಶಿನ್ ಗಾರ್ಡ್ ಆಟದ ನಿಯಮದಲ್ಲೇ ಕಡ್ಡಾಯ. ಗೋಲ್ ಕಂಬಗಳನ್ನು ನೆಲಕ್ಕೆ ಭದ್ರವಾಗಿ ಬಿಗಿದಿರಬೇಕು, ಎತ್ತಿಡುವ ಗೋಲುಗಳನ್ನೂ ಸೇರಿಸಿ. ಮಗು ಜೋತುಬಿದ್ದು ಗೋಲು ಮಗುಚಿ ಪ್ರಾಣ ಹೋದ ಪ್ರಕರಣಗಳಿವೆ, ಹೋಗಿ ಕೈಯಿಂದ ಅಲ್ಲಾಡಿಸಿ ನೋಡಿ. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ಆ ದಿನ ಆಟ ಮುಗಿಯಿತು, ಮಗು ಎಷ್ಟೇ ಹಠ ಮಾಡಲಿ. ತಲೆಯಿಂದ ಚೆಂಡು ಹೊಡೆಯುವುದನ್ನು ಹತ್ತರವರೆಗಿನವರಿಗೆ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಬೇಡ ಅಂದಿದೆ, ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ಪ್ರಾಕ್ಟೀಸಿನಿಂದ ತೆಗೆಯಿತು.

ಮತ್ತೆ ಕೋಚ್‌ಗಳ ಹಿನ್ನೆಲೆ ಪರಿಶೀಲನೆ. ಸ್ವಯಂಸೇವಕರು, ಪರಿಚಯದವರು ಅಂತ ಇದನ್ನು ಬಿಡುವ ಕ್ಲಬ್ ಬೇಡವೇ ಬೇಡ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಒಬ್ಬ ಕೋಚ್ ಒಂದು ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಕರೆದೊಯ್ಯಬಾರದು, ಮಗುವಿಗೆ ಖಾಸಗಿಯಾಗಿ ಮೆಸೇಜ್ ಮಾಡಬಾರದು. ಈ ಪ್ರಶ್ನೆ ಕೇಳಿದರೆ ಒಳ್ಳೆಯ ಕೋಚ್‌ಗೆ ಬೇಜಾರಾಗುವುದಿಲ್ಲ. ನನ್ನನ್ನು ಯಾರಾದರೂ ಕೇಳಿದರೆ ನನಗೆ ಸಮಾಧಾನವೇ ಆಗುತ್ತದೆ.

ನೀವು ಯಾವ ಕೆಲಸ ಹಿಡಿಯುತ್ತೀರಿ

ಫಾರಂನ ಕೊನೆಯಲ್ಲಿ ಇನ್ನೊಂದು ಆಯ್ಕೆ ಇರುತ್ತದೆ, ಅದು ನಿಮ್ಮದು. ಆಟ ಗೊತ್ತಿಲ್ಲದಿದ್ದರೆ ಸಹಾಯಕ ಕೋಚ್ ಆಗಿ. ಚೆಂಡು ತರೋದು, ಶೂ ದಾರ ಕಟ್ಟೋದು, ಅಳುವ ಮಗುವನ್ನು ಪಕ್ಕಕ್ಕೆ ಕರೆದು ಕೂರಿಸೋದು. ಒಂದು ಸೀಸನ್ ಹಾಗೆ ಇದ್ದರೆ ಮುಂದಿನ ಸೀಸನ್ ತಂಡ ನೋಡಿಕೊಳ್ಳುವ ಧೈರ್ಯ ಬರುತ್ತದೆ. ವಾರದ ದಿನ ಸಂಜೆ ಬರಲಾಗದವರಿಗೆ ತಂಡದ ಮ್ಯಾನೇಜರ್ ಕೆಲಸ ಹೊಂದುತ್ತದೆ, ಅದು ಹೆಚ್ಚಾಗಿ ಫೋನಿನಲ್ಲೇ ಮುಗಿಯುತ್ತದೆ. ಬೆಳಗ್ಗೆ ಬೇಗ ಏಳುವವರು ಗೆರೆ ಎಳೆಯಲಿ. ಲೆಕ್ಕ ಬಲ್ಲವರಿಗೆ ಖಜಾಂಚಿ ಕೆಲಸ, ಯಾಕೆಂದರೆ ಇದಕ್ಕೆ ಜನ ಸಿಗುವುದೇ ಕಷ್ಟ. ಮನೆಯಲ್ಲಿ ಹದಿನಾಲ್ಕು ದಾಟಿದ ಮಕ್ಕಳಿದ್ದರೆ ರೆಫರಿ ತರಬೇತಿಗೆ ಕಳಿಸಿ, ಚಿಕ್ಕವರ ಮ್ಯಾಚಿಗೆ ಶಿಳ್ಳೆ ಹಿಡಿದ ಮಕ್ಕಳು ಆಟವನ್ನೇ ಬೇರೆ ಕಣ್ಣಿನಿಂದ ನೋಡಲು ಕಲಿಯುತ್ತಾರೆ.

ಒಂದು ಮುಖ್ಯ ವಿಷಯ, ನೋಂದಣಿಯ ಕೊನೇ ದಿನದವರೆಗೆ ಕಾಯಬೇಡಿ. ಜಾಗ ಇಲ್ಲ ಅಂತ ಕ್ಲಬ್ಬಿನವರು ಹೇಳಿದಾಗ ಬಹಳ ಸಲ ಕೊರತೆ ಇರುವುದು ಮೈದಾನದ್ದಲ್ಲ, ಕೋಚ್‌ಗಳದ್ದು. ಹತ್ತು ಮಕ್ಕಳು ಕಾಯುವ ಪಟ್ಟಿಯಲ್ಲಿದ್ದಾಗ ಒಬ್ಬ ಅಪ್ಪನೋ ಅಮ್ಮನೋ "ನಾನು ನಿಲ್ಲುತ್ತೇನೆ" ಅಂದರೆ ಅದೇ ದಿನ ಒಂದು ಹೊಸ ತಂಡ ಹುಟ್ಟುತ್ತದೆ. ಹೋದ ಸೀಸನ್ನಿನಲ್ಲಿ ನಮ್ಮ ಕ್ಲಬ್ಬಿನ ಏಳು ವರ್ಷದವರ ಒಂದು ತಂಡ ಹೀಗೇ ಆದದ್ದು. ಚೆಂಡನ್ನೇ ಮುಟ್ಟಿರದ ಒಬ್ಬ ಅಮ್ಮ ಒಪ್ಪಿಕೊಂಡರು, ಹತ್ತೂ ಮಕ್ಕಳು ಕೊನೇ ಮ್ಯಾಚಿನವರೆಗೂ ಬಂದರು, ಈ ಸೀಸನ್ನಿಗೆ ಹತ್ತೂ ಜನರ ಹೆಸರು ಮತ್ತೆ ಬಂದಿದೆ.